ಗಾಜು ಒಂದೇ, ಡಬ್ಬಿ ಹತ್ತು

ಇಬ್ಬರದೂ ಒಂದೇ ಕಸುಬು, ನಡುವೆ ಒಂದು ತಲೆಮಾರಿನ ಅಂತರ. ಒಬ್ಬರು ಟೆಲಿಫೋನ್ ಇಲಾಖೆಯ ಟ್ರಾನ್ಸ್‌ಮಿಷನ್ ವಿಭಾಗದಲ್ಲಿ ದುಡಿದು, ನಿವೃತ್ತರಾಗಿ, ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಮರಳಿದವರು. ಇನ್ನೊಬ್ಬ ಅದೇ ಸೀಮೆಯಲ್ಲಿ ಅಪ್ಪ ನಡೆಸುತ್ತಿದ್ದ ಕೇಬಲ್ ಟೀವಿಯನ್ನು ಫೈಬರ್ ಇಂಟರ್ನೆಟ್ಟಿಗೆ ತಿರುಗಿಸಿಕೊಂಡ ಹುಡುಗ. ಮಳೆಗಾಲ ಹಿಡಿಯುವ ಮುಂಚೆ ಲೈನ್ ನೋಡಿಹೋಗಲು ಬಂದಿದ್ದ. ಪಕ್ಕದಲ್ಲಿ ಕೂತಿದ್ದ ನಾನು ಇಬ್ಬರಿಗೂ ತಲೆಯಾಡಿಸಿದವನು. ಹಾಗಾಗಿ ನನ್ನ ಸಾಕ್ಷಿಯನ್ನು ಯಾವ ಪಕ್ಷಕ್ಕೂ ಹಚ್ಚಬೇಡಿ.

ಹಿರಿಯರು: ಆ ನೀಲಿ ಪಿನ್ನನ್ನು ಹಸಿರಿನ ಜೊತೆ ಸಿಕ್ಕಿಸಿದ್ದು ಯಾರು ಮಾರಾಯ?

ಹುಡುಗ: ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಸರ್. ಹಸಿರು ಪ್ಯಾಚ್ ಕಾರ್ಡ್ ಖಾಲಿಯಾಗಿತ್ತಂತೆ. ಲೈಟ್ ಬಂತು, ನೆಟ್ ಬಂತು, ಅವನೂ ಬಂದ.

ಹಿರಿಯರು: ನೆಟ್ ಬರದೆ ಏನು. ಹಸಿರಿನ ತುದೀನ 8 ಡಿಗ್ರಿ ಓರೆಯಾಗಿ ಉಜ್ಜಿರ್ತಾರೆ, ನೀಲಿಯದು ನೇರ. ಎರಡನ್ನೂ ಒತ್ತಿದರೆ ನಡುವೆ ಗಾಳಿಯ ಸಂದು ಉಳಿಯುತ್ತೆ. ಅಲ್ಲಿ ಒಂದಷ್ಟು ಬೆಳಕು ಸೋರುತ್ತೆ, ಒಂದಷ್ಟು ಬಂದ ದಾರಿಗೇ ವಾಪಸ್ ಹೊಡೆಯುತ್ತೆ. ನೀನು ಅದೇ ಎಳೆಯಲ್ಲಿ 1550 ನ್ಯಾನೊಮೀಟರಿನಲ್ಲಿ ಟೀವಿಯನ್ನೂ ಕಳಿಸ್ತೀಯಲ್ಲ, ಅದಕ್ಕೆ ಈ ವಾಪಸ್ ಬರೋ ಬೆಳಕು ಆಗಿಬರಲ್ಲ. ಓರೆ ತುದಿ ಬಂದದ್ದೇ ಅದನ್ನು ತಡೆಯೋಕೆ. ಬಣ್ಣ ಬೇರೆ ಮಾಡಿದ್ದು ಚಂದಕ್ಕಲ್ಲ.

ಹುಡುಗ: ಬದಲಾಯಿಸ್ತೀನಿ ಸರ್. ಆದರೆ ಮೀಟರ್ ನೋಡಿ, ಮೈನಸ್ 23 ಬರ್ತಿದೆ. ಮೈನಸ್ 27ರ ತನಕ ಗೋಡೆಯ ಡಬ್ಬಿ ಓದುತ್ತೆ. ಗಿರಾಕಿ ಫೋನ್ ಮಾಡಲ್ಲ.

ಹಿರಿಯರು: ಆ ನಾಲ್ಕು ಡೆಸಿಬಲ್ ನಿಂದಲ್ಲ. ಮಳೆಗಾಲದ್ದು. ನಾಳೆ ಜಾಯಿಂಟಿನಲ್ಲಿ ನೀರು ಕೂತರೆ, ಕೊಂಬೆ ಬಿದ್ದು ಕೇಬಲ್ ಬಾಗಿದರೆ, ಇನ್ನೊಂದು ಸ್ಪ್ಲೈಸ್ ಬಿದ್ದರೆ ಬೇಕು ಅಂತ ಇಟ್ಟಿರೋದು. ಜಿ-ಪಾನ್ ಮಾನಕ ಬರೆದವರು ಆ ಕಡೆ ಬೆಳಕು ಕಳಿಸೋ ಯಂತ್ರ ಓಎಲ್‌ಟಿಗೂ ಈ ಕಡೆಯ ಡಬ್ಬಿಗೂ ನಡುವೆ 28 ಡೆಸಿಬಲ್ ನಷ್ಟಕ್ಕೆ ಜಾಗ ಬಿಟ್ಟಿದ್ದಾರೆ. ಅದರಲ್ಲಿ ನಿನ್ನ ಮೂವತ್ತೆರಡು ಮನೆಯ ಸ್ಪ್ಲಿಟರ್ ಒಂದೇ ಸುಮಾರು 17 ತಿನ್ನುತ್ತೆ. ಉಳಿದದ್ದನ್ನು ನಿನ್ನ ಹುಡುಗ ನೀಲಿ ಪಿನ್ನಿಗೆ ಖರ್ಚು ಮಾಡ್ತಾನೆ.

(ಡೆಸಿಬಲ್ ಲೆಕ್ಕ ಗೊತ್ತಿಲ್ಲದವರಿಗೆ ಇಷ್ಟು ಸಾಕು: 10 ಹೋದರೆ ಹತ್ತರಲ್ಲೊಂದು ಪಾಲು ಬೆಳಕು ಉಳಿಯಿತು, 20 ಹೋದರೆ ನೂರರಲ್ಲೊಂದು. 28 ಅಂದರೆ ಆರುನೂರರಲ್ಲಿ ಒಂದು ಪಾಲಿಗೂ ಕಡಿಮೆ. ಅಷ್ಟು ಬೆಳಕಿನಲ್ಲಿ ಸಿನಿಮಾ ಓಡುತ್ತದೆ.)

ಹುಡುಗ: ನನಗೆ ಒಂದು ಅನುಮಾನ ಸರ್. ಈ ಮಾನಕ ಬರೆಯೋರು ಜಿನೀವಾದಲ್ಲಿ ಕೂತಿರ್ತಾರೆ. ಮೇಜಿನ ಸುತ್ತ ಇರೋರು ದೊಡ್ಡ ಕಂಪನಿಗಳ ಎಂಜಿನಿಯರುಗಳು. ಆಗುಂಬೆ ಮಳೆ ಹೇಗೆ ಹೊಡೆಯುತ್ತೆ ಅಂತ ಅವರಿಗೆ ಎಂಥ ಗೊತ್ತು? ಅವರು ಹೇಳಿದ ಹಾಗೆ ಲೈನ್ ಎಳೆದರೆ ನಮ್ಮೂರಿಗೆ ಇನ್ನೂ ಇಪ್ಪತ್ತು ವರ್ಷ ಇಂಟರ್ನೆಟ್ ಬರಲ್ಲ.

ಹಿರಿಯರು: ಮಳೆ ಗೊತ್ತಿರಬೇಕಾಗಿಲ್ಲ, ಗಾಜು ಗೊತ್ತಿದ್ದರೆ ಸಾಕು. 1966ರಲ್ಲಿ ಇಂಗ್ಲೆಂಡಿನ ಹಾರ್ಲೋದಲ್ಲಿ ಚಾರ್ಲ್ಸ್ ಕಾವ್, ಜಾರ್ಜ್ ಹಾಕ್‌ಹಮ್ ಅಂತ ಇಬ್ಬರು ಒಂದು ಪ್ರಬಂಧ ಬರೆದರು. ಬೆಳಕನ್ನು ನುಂಗೋದು ಗಾಜಲ್ಲ, ಗಾಜಿನೊಳಗಿನ ಕಲ್ಮಶ; ಅದನ್ನು ತೆಗೆದು ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬಲ್‌ಗಿಂತ ಕೆಳಗೆ ತಂದರೆ ಟೆಲಿಫೋನ್ ಮಾತನ್ನು ಬೆಳಕಿನಲ್ಲಿ ಸಾಗಿಸಬಹುದು ಅಂದರು. ಆಗ ಸಿಗುತ್ತಿದ್ದ ಗಾಜಿನ ನಷ್ಟ ಸಾವಿರದ ಹತ್ತಿರ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ 17ಕ್ಕೆ ಇಳಿಸಿತು. ಇವತ್ತು ನೀನು ಕಂಬಕ್ಕೆ ಕಟ್ಟೋ ಎಳೆಯಲ್ಲಿ 1550ರ ಬೆಳಕಿಗೆ ಸುಮಾರು 0.2. ಅಂದರೆ ಕಾವ್ ಒಂದು ಕಿಲೋಮೀಟರಿಗೆ ಒಪ್ಪಿಕೊಂಡಿದ್ದ ನಷ್ಟ ಈಗ ನೂರು ಕಿಲೋಮೀಟರಿಗೆ ಆಗುತ್ತೆ. 2009ರಲ್ಲಿ ಅವರಿಗೆ ನೊಬೆಲ್ ಕೊಟ್ಟದ್ದು ಸುಮ್ಮನೆ ಅಲ್ಲ.

ಹುಡುಗ: ಅದು ವಿಜ್ಞಾನ ಆಯ್ತು ಸರ್, ಮಾನಕ ಅಲ್ಲವಲ್ಲ.

ಹಿರಿಯರು: ಸರಿ, ಮಾನಕಕ್ಕೇ ಬಾ. ಗಾಜಿನೆಳೆಯ ಹೊರಗಿನ ಅಳತೆ 125 ಮೈಕ್ರಾನ್. ಬೆಳಕು ಓಡೋ ಒಳತಿರುಳು ಸುಮಾರು 9 ಮೈಕ್ರಾನ್. 125ರಲ್ಲಿ ಒಂದು ಮೈಕ್ರಾನ್ ಕೂಡ ಆಚೀಚೆ ಆಗೋ ಹಾಗಿಲ್ಲ. ಈ ಎಳೆಯ ಮಾನಕವನ್ನು 1984ರಲ್ಲಿ ಜಿ.652 ಅನ್ನೋ ಹೆಸರಿನಲ್ಲಿ ಮೊದಲು ಬರೆದಿಟ್ಟರು. ನೀನು ಸ್ಪ್ಲೈಸಿಂಗ್ ಮೆಷಿನ್ನಿನಲ್ಲಿ ಒಂದು ಕಡೆ ಮಹಾರಾಷ್ಟ್ರದಲ್ಲಿ ಎಳೆದ ಎಳೆ ಇಡ್ತೀಯ, ಇನ್ನೊಂದು ಕಡೆ ಚೀನಾದ್ದು ಇಡ್ತೀಯ. ಬಟನ್ ಒತ್ತಿದರೆ ಕಿಡಿ ಹಾರಿ ಎರಡೂ ಕರಗಿ ಒಂದಾಗುತ್ತೆ. ನಷ್ಟ ಎಷ್ಟು ಬರುತ್ತೆ?

ಹುಡುಗ: 0.02, 0.03. ಕ್ಲೀವರ್ ಬ್ಲೇಡ್ ಮೊಂಡಾಗಿದ್ದರೆ ಜಾಸ್ತಿ.

ಹಿರಿಯರು: ಆ ಎರಡು ಫ್ಯಾಕ್ಟರಿಯವರು ಒಬ್ಬರ ಮುಖ ಒಬ್ಬರು ನೋಡಿಲ್ಲ. ನಾವು ತೊಂಬತ್ತರ ದಶಕದಲ್ಲಿ ಹೂತ ಕೇಬಲ್ಲನ್ನು ಇವತ್ತು ತೆಗೆದು ನಿನ್ನ ಹೊಸ ಕೇಬಲ್ಲಿಗೆ ಜೋಡಿಸು, ಜೋಡಿಸಿಕೊಳ್ಳುತ್ತೆ. ನಮ್ಮ ಕಾಲದಲ್ಲಿ ಅದರಲ್ಲಿ 140 ಮೆಗಾಬಿಟ್ ಕಳಿಸಿದರೆ ದೊಡ್ಡ ಸಾಧನೆ. ಈಗ ಅದೇ ಗಾಜಿನ ಒಂದೊಂದು ಬಣ್ಣದ ಬೆಳಕಿನಲ್ಲೂ 100 ಗಿಗಾಬಿಟ್ ಕಳಿಸ್ತಾರೆ. ತುದಿಯ ಯಂತ್ರಗಳು ಎಷ್ಟೋ ಸಲ ಗುಜರಿಗೆ ಹೋದವು, ಗಾಜು ಇದ್ದಲ್ಲೇ ಇದೆ.

ಹುಡುಗ: ಗಾಜಿನ ವಿಷಯಕ್ಕೆ ಬಂದರೆ ಜಪಾನಿನ ಕಥೆ ಹೇಳಿದ್ದು ನೀವೇ. ಅದೂ ಮಾನಕವೇ ಅಲ್ಲವಾ?

ಹಿರಿಯರು (ನಕ್ಕು): ಅದನ್ನು ಮರೆತಿರ್ತೀಯ ಅಂದುಕೊಂಡಿದ್ದೆ.

ಇಲ್ಲಿ ಹಿರಿಯರು ಸ್ವಲ್ಪ ಹೊತ್ತು ಹುಡುಗನನ್ನು ಬಿಟ್ಟು ನನ್ನ ಕಡೆ ತಿರುಗಿದರು. ತಮ್ಮ ಪಕ್ಷದ ಸೋಲಿನ ಕಥೆಯನ್ನು ಅವರೇ ಚೆನ್ನಾಗಿ ಹೇಳುತ್ತಾರೆ.

ಹಿರಿಯರು: ಬೆಳಕಿನ ಬೇರೆ ಬೇರೆ ತರಂಗಗಳು ಗಾಜಿನಲ್ಲಿ ಬೇರೆ ಬೇರೆ ವೇಗದಲ್ಲಿ ಹೋಗ್ತವೆ. ಹಾಗಾಗಿ ಚೂಪಾಗಿ ಹೊರಟ ಮಿಡಿತ ದೂರ ಹೋದ ಹಾಗೆ ಹರಡಿಕೊಂಡು, ಹಿಂದಿನದಕ್ಕೂ ಮುಂದಿನದಕ್ಕೂ ಗಡಿ ಕಾಣದ ಹಾಗೆ ಆಗುತ್ತೆ. ಜಿ.652ರಲ್ಲಿ ಈ ಹರಡುವಿಕೆ ಸೊನ್ನೆಯಾಗೋದು 1310ರ ಹತ್ತಿರ. ಆದರೆ ನಷ್ಟ ಅತಿ ಕಡಿಮೆ ಇರೋದು 1550ರಲ್ಲಿ. ಎರಡೂ ಒಂದೇ ಕಡೆ ಬಂದರೆ ಎಷ್ಟು ಚೆನ್ನ ಅಂತ ಗಾಜಿನ ಒಳರಚನೆ ಬದಲಿಸಿ, ಸೊನ್ನೆಯನ್ನು 1550ಕ್ಕೇ ತಂದರು. ಅದು ಜಿ.653. ಕಾಗದದ ಮೇಲೆ ಅದಕ್ಕಿಂತ ಒಳ್ಳೆ ಎಳೆ ಇಲ್ಲ. ಜಪಾನಿನವರು ನಂಬಿ ಮೈಲಿಗಟ್ಟಲೆ ಹೂತರು.

ಹುಡುಗ: ಆಮೇಲೆ ಆಂಪ್ಲಿಫೈಯರ್ ಬಂತು.

ಹಿರಿಯರು: 1987ರ ಹೊತ್ತಿಗೆ ಎರ್ಬಿಯಂ ಸೇರಿಸಿದ ಗಾಜಿನ ಆಂಪ್ಲಿಫೈಯರ್ ಬಂತು. ಅದು 1550ರ ಸುತ್ತಲಿನ ಹತ್ತಾರು ಬಣ್ಣಗಳನ್ನು ಒಟ್ಟಿಗೇ ಬಲಪಡಿಸುತ್ತೆ. ಸರಿ, ಒಂದೇ ಎಳೆಯಲ್ಲಿ ಹತ್ತಾರು ಬಣ್ಣ ತುಂಬಿ ಕಳಿಸೋಣ ಅಂತ ಹೊರಟಾಗ ಜಿ.653 ಕೈ ಕೊಟ್ಟಿತು. ಹರಡುವಿಕೆಯೇ ಇಲ್ಲದಿರೋದರಿಂದ ಬಣ್ಣಗಳೆಲ್ಲ ಒಂದೇ ವೇಗದಲ್ಲಿ ಜೊತೆಜೊತೆಗೆ ಓಡಿ, ಒಂದರೊಳಗೊಂದು ಕಲೆತು, ಯಾರೂ ಕಳಿಸದ ಹೊಸ ಬಣ್ಣಗಳನ್ನು ಹುಟ್ಟಿಸಿದವು. ಸ್ವಲ್ಪ ಹರಡುವಿಕೆ ಬೇಕೇ ಬೇಕು ಅಂತ ಆಗ ತಿಳೀತು. 1996ರಲ್ಲಿ ಜಿ.655 ಅಂತ ಮತ್ತೊಂದು ಬರೆದರು. 2010ರ ಸುಮಾರಿಗೆ ಬಂದ ಹೊಸ ರಿಸೀವರುಗಳು ಹರಡಿಹೋದ ಮಿಡಿತವನ್ನು ಚಿಪ್ಪಿನೊಳಗೆ ಗಣಿತ ಮಾಡಿ ಮತ್ತೆ ಚೂಪಾಗಿಸುತ್ತವೆ. ಹಾಗಾಗಿ ಈಗ ತಿರುಗಿ ಹಳೇ ಜಿ.652ಕ್ಕೇ ಎಲ್ಲರೂ ಕೈ ಮುಗೀತಾರೆ.

ಹುಡುಗ: ನೋಡಿ, ನೀವೇ ಹೇಳಿದ್ರಿ. ಆ ಹೊತ್ತಿನ ಯಂತ್ರಕ್ಕೆ ಸರಿಹೊಂದಲಿ ಅಂತ ಬುದ್ಧಿ ಖರ್ಚು ಮಾಡಿ ಬರೆದದ್ದು ಸೋತಿತು. ಏನೂ ಮಾಡದೆ ಬಿಟ್ಟದ್ದು ಗೆದ್ದಿತು.

ಹಿರಿಯರು: ಜಿ.652ರಲ್ಲೂ ಕೆಲಸ ನಡೀತು ಮಾರಾಯ. 1383 ನ್ಯಾನೊಮೀಟರಿನ ಹತ್ತಿರ ಗಾಜಿನೊಳಗಿನ ನೀರಿನಂಶ ಬೆಳಕನ್ನು ಕುಡಿಯುತ್ತಿತ್ತು. ಅದನ್ನು ಒಣಗಿಸಿ ತೆಗೆದ ಮೇಲೆ ಡಿ ಅನ್ನೋ ದರ್ಜೆ ಬಂತು. ಆದರೆ ಹಳೆಯದಕ್ಕೆ ಹೊಸದು ಜೋಡಿಕೊಳ್ಳಬೇಕು ಅನ್ನೋದನ್ನು ಬಿಡಲಿಲ್ಲ. ನಿನ್ನ ಡ್ರಾಪ್ ಕೇಬಲ್ಲಿನ ಜಿ.657 ನೋಡು. ನಾವು 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಸುತ್ತಲು ಹೆದರುತ್ತಿದ್ದೆವು. ನೀನು ಬಾಗಿಲ ಚೌಕಟ್ಟಿನ ಮೂಲೆಗೆ ಒತ್ತಿ ಮೊಳೆ ಹೊಡೀತೀಯ. ಏಳೂವರೆ ಮಿಲಿಮೀಟರಿಗೂ ಬಗ್ಗೋ ದರ್ಜೆ ಅದರಲ್ಲಿದೆ, ಆದರೂ ಹಳೇ ಎಳೆಯ ಜೊತೆ ಸ್ಪ್ಲೈಸ್ ಆಗುತ್ತೆ.

ಹುಡುಗ: ಗಾಜಿನ ಬಗ್ಗೆ ನನ್ನ ತಕರಾರಿಲ್ಲ ಸರ್, ಒಪ್ಪಿದೆ. ತಕರಾರು ಇರೋದು ಡಬ್ಬಿಯಲ್ಲಿ. ಗೋಡೆಯ ಮೇಲಿನ ಈ ಡಬ್ಬಿ ಜಿ-ಪಾನ್. ಅಪ್ಪ ಮೊದಲು ಹಾಕಿದ್ದೆಲ್ಲ ಇ-ಪಾನ್. ಅದು ಅಮೆರಿಕದ ಐಟ್ರಿಪಲ್‌ಇಯವರದು, ಇದು ಜಿನೀವಾದವರದು. ಎರಡೂ ಬಂದದ್ದು 2003-04ರಲ್ಲೇ. ಎರಡೂ 1490ರಲ್ಲಿ ಕೆಳಗೆ ಕಳಿಸಿ 1310ರಲ್ಲಿ ಮೇಲೆ ತಗೊಳ್ತವೆ. ಎಳೆ ಒಂದೇ, ಸ್ಪ್ಲಿಟರ್ ಒಂದೇ, ಪಿನ್ ಒಂದೇ. ಆದರೆ ಅದರ ಡಬ್ಬಿ ಇದಕ್ಕೆ ಮಾತಾಡಲ್ಲ. ಒಂದೇ ಕೆಲಸಕ್ಕೆ ಎರಡು ಮಾನಕ ಯಾಕೆ ಸರ್?

ಹಿರಿಯರು: ಒಂದನ್ನು ಟೆಲಿಫೋನಿನವರು ಬರೆದರು, ಇನ್ನೊಂದನ್ನು ಕಂಪ್ಯೂಟರಿನವರು. ಟೆಲಿಫೋನಿನವರಿಗೆ ಪ್ರತಿ ಗಿರಾಕಿಯ ಪಾಲು ಅಳೆದು ಕೊಡೋ ಚಟ. ಇನ್ನೊಬ್ಬರಿಗೆ ಅಗ್ಗವಾಗಿ, ಸಲೀಸಾಗಿ ಆಗಬೇಕು. ಜಿ-ಪಾನ್ ಕೆಳಕ್ಕೆ ಎರಡೂವರೆ ಗಿಗಾಬಿಟ್ ಕೊಡುತ್ತೆ, ಇ-ಪಾನ್ ಒಂದೂಕಾಲು. ಡಬ್ಬಿ ಅಗ್ಗ ಅಂತ ನಿಮ್ಮಪ್ಪ ಅದನ್ನು ಕೊಂಡಿದ್ದು ತಪ್ಪಲ್ಲ.

ಹುಡುಗ: ತಪ್ಪಲ್ಲ, ಆದರೆ ಬದಲಾಯಿಸೋ ಹೊತ್ತಿಗೆ ಮನೆಮನೆಗೆ ಹೊಸ ಡಬ್ಬಿ ಇಡಬೇಕಾಯ್ತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎರಡು ಕಂಪನಿಯ ಡಬ್ಬಿ, ಎರಡರ ಮೇಲೂ ಜಿ-ಪಾನ್ ಮಾನಕದ ಹೆಸರು ಜಿ.984 ಅಂತ ಬರೆದಿರುತ್ತೆ. ಒಂದು ಕಂಪನಿಯ ಓಎಲ್‌ಟಿಗೆ ಇನ್ನೊಂದು ಕಂಪನಿಯ ಓಎನ್‌ಟಿ, ಅಂದರೆ ಮನೆ ಡಬ್ಬಿ, ಹಾಕಿದರೆ ಲೈಟ್ ಹಸಿರಾಗುತ್ತೆ, ನೆಟ್ ಬರಲ್ಲ. ಯಾಕೆ ಅಂದ್ರೆ, ದೂರದಿಂದ ಡಬ್ಬಿಗೆ ವೈಫೈ ಹೆಸರು, ವೇಗ, ಫೋನ್ ನಂಬರ್ ಎಲ್ಲ ಹೇಳಿಕೊಡೋ ಭಾಷೆಯಲ್ಲಿ ಒಂದಷ್ಟು ಜಾಗವನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟಿದ್ದಾರೆ. ಆ ಬಿಟ್ಟ ಜಾಗದಲ್ಲಿ ಅವರು ಬೀಗ ಹಾಕ್ತಾರೆ. ನಾನು ಓಎಲ್‌ಟಿ ಕೊಂಡ ಕಂಪನಿ ಹೊರಗಿನ ಡಬ್ಬಿಗೆ ಲೈಸೆನ್ಸ್ ದುಡ್ಡು ಕೇಳ್ತು. ಆವಾಗ ನಿಮ್ಮ ಜಿನೀವಾ ಎಲ್ಲಿತ್ತು?

ಹಿರಿಯರು: ಆ ಬಿಟ್ಟ ಜಾಗಕ್ಕೆ ಕಾರಣ ಇದೆ. ಎಲ್ಲವನ್ನೂ ಕಟ್ಟಿಹಾಕಿದರೆ ಹೊಸದು ಯಾರೂ ಮಾಡಲ್ಲ. ಜಿ.653ರ ಪಾಠ ಅದೇ ತಾನೆ?

ಹುಡುಗ: ಗಾಜಿನಲ್ಲಿ ಜಾಗ ಬಿಡಬೇಕಿತ್ತು, ಕಟ್ಟಿದರು. ಡಬ್ಬಿಯಲ್ಲಿ ಕಟ್ಟಬೇಕಿತ್ತು, ಜಾಗ ಬಿಟ್ಟರು.

ಹಿರಿಯರು: ಮಾತು ಚೆನ್ನಾಗಿದೆ, ಅಷ್ಟೇನೂ ನಿಜ ಅಲ್ಲ. ಆಮೇಲೆ ಜಿ.988 ಅಂತ ಆ ಭಾಷೆಯನ್ನೇ ಬೇರೆಯಾಗಿ ಬರೆದು ಬಿಗಿ ಮಾಡಿದರು.

ಹುಡುಗ: ಮಾಡಿದರು. ನನಗೆ ಕೆಲಸಕ್ಕೆ ಬಂದದ್ದು ಮಾತ್ರ ಎಕ್ಸ್‌ಪಾನ್ ಡಬ್ಬಿ ಸರ್. ಇ-ಪಾನ್ ಸಿಕ್ಕಿದರೆ ಹಾಗೆ, ಜಿ-ಪಾನ್ ಸಿಕ್ಕಿದರೆ ಹೀಗೆ, ತಾನೇ ನೋಡಿಕೊಂಡು ಹೊಂದುತ್ತೆ. ಅದನ್ನು ಸಮಿತಿ ಕೊಡಲಿಲ್ಲ, ಅಂಗಡಿ ಕೊಟ್ಟಿತು.

ಹಿರಿಯರು: ನಾನೊಂದು ಬೇರೆ ಉದಾಹರಣೆ ಹೇಳ್ತೀನಿ. 1984ರಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಶುರುವಾಯ್ತು. ಅವರು ಮಾಡಿದ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲೇ. ಏಸಿ ಬೇಡ, ನಮ್ಮ ಸೆಕೆಯಲ್ಲಿ, ಧೂಳಿನಲ್ಲಿ ನಡೀತಿತ್ತು. ವಿನ್ಯಾಸ ಅವರದು, ತಯಾರಿಸೋಕೆ ಹಲವು ಕಂಪನಿಗೆ ಕೊಟ್ಟರು. ಹಾಗಾಗಿ ಯಾವ ಫ್ಯಾಕ್ಟರಿಯಿಂದ ಬಂದರೂ ಒಳಗೆ ಒಂದೇ. ಬೀಗದ ಪ್ರಶ್ನೆಯೇ ಇಲ್ಲ. ಅದೂ ಮೇಜಿನ ಸುತ್ತ ಕೂತು ಬರೆದದ್ದೇ. ಆದರೆ ಬರೆದವರಿಗೆ ನಮ್ಮ ಊರು ಗೊತ್ತಿತ್ತು. ನಿನ್ನ ಸಿಟ್ಟು ಮಾನಕದ ಮೇಲಲ್ಲ, ಯಾರು ಬರೀತಾರೆ ಅನ್ನೋದರ ಮೇಲೆ.

ಹುಡುಗ: ಹಾಗಾದರೆ ನೆಲದ ಕೆಲಸಕ್ಕೆ ಬನ್ನಿ. ಅದನ್ನು ನಮ್ಮವರೇ ಬರೆದದ್ದಲ್ಲವಾ? ಕೇಬಲ್ಲನ್ನು 165 ಸೆಂಟಿಮೀಟರ್ ಆಳದಲ್ಲಿ ಹೂಳಬೇಕು. ನಮ್ಮ ಕಡೆ ಮೊಳದಾಳಕ್ಕೆ ಜಂಬಿಟ್ಟಿಗೆ. ಕಂಟ್ರಾಕ್ಟರು ಎಷ್ಟು ಅಗೀತಾನೆ, ಎಷ್ಟು ಬರೀತಾನೆ ಅನ್ನೋದು ಊರಿಗೇ ಗೊತ್ತು. ಆಮೇಲೆ ರಸ್ತೆ ಅಗಲ ಮಾಡೋಕೆ ಜೆಸಿಬಿ ಬರುತ್ತೆ.

ಹಿರಿಯರು: ಅದಕ್ಕೇ ಅಗೆಯೋ ಮುಂಚೆ ತಿಳಿಸಲಿ ಅಂತ 2023ರಲ್ಲಿ ಕೇಂದ್ರದವರು ಆ್ಯಪ್ ಬಿಟ್ಟಿದ್ದಾರಲ್ಲ, ಕಾಲ್ ಬಿಫೋರ್ ಯು ಡಿಗ್ ಅಂತ.

ಹುಡುಗ: ಜೆಸಿಬಿ ಡ್ರೈವರ್ ಹತ್ರ ಹೇಳಿ ನೋಡಿ. ಪಂಚಾಯಿತಿಗಳಿಗೆ ಫೈಬರ್ ಕೊಡೋ ಯೋಜನೆ 2011ರಲ್ಲಿ ಒಪ್ಪಿಗೆ ಆಯ್ತು, ಆಮೇಲೆ ಭಾರತ್‌ನೆಟ್ ಅಂತ ಹೆಸರಾಯ್ತು. ಗುರಿ ಸುಮಾರು ಎರಡೂವರೆ ಲಕ್ಷ ಪಂಚಾಯಿತಿ. ಶುರುವಿನಲ್ಲಿ ತಾಲ್ಲೂಕಿನಿಂದ ಒಂದೇ ಗೆರೆಯಾಗಿ ಕೇಬಲ್ ಎಳೆದರು. ಮಧ್ಯೆ ಒಂದು ಕಡೆ ತುಂಡಾದರೆ ಆಚೆಯವರೆಲ್ಲ ಕತ್ತಲೆ. 2023ರಲ್ಲಿ 1,39,000 ಕೋಟಿ ರೂಪಾಯಿಗೂ ಮೇಲಿನ ಹೊಸ ಹಂತಕ್ಕೆ ಒಪ್ಪಿಗೆ ಕೊಟ್ಟಾಗ ಉಂಗುರದ ಹಾಗೆ ಎಳೀಬೇಕು ಅಂತ ಬರೆದರು. ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆಯಿಂದ ಬರುತ್ತೆ. ಇದನ್ನು ತಿಳಿಯೋಕೆ ಹನ್ನೆರಡು ವರ್ಷ ಬೇಕಾ ಸರ್?

ಹಿರಿಯರು: ತಿಳೀದೆ ಇರಲಿಲ್ಲ. ಉಂಗುರಕ್ಕೆ ಕೇಬಲ್ ಜಾಸ್ತಿ, ದುಡ್ಡು ಜಾಸ್ತಿ. ಇರೋ ದುಡ್ಡಿನಲ್ಲಿ ಹೆಚ್ಚು ಪಂಚಾಯಿತಿ ಮುಟ್ಟಿಸೋಣ ಅಂತ ಗೆರೆ ಎಳೆದರು. ಹೌದು, ದುರಸ್ತಿ ಯಾರು ಮಾಡ್ತಾರೆ ಅನ್ನೋದನ್ನು ಯೋಚಿಸಲಿಲ್ಲ. ಅದನ್ನು ನಾನೂ ಸಮರ್ಥಿಸಲ್ಲ. ಆದರೆ ನೀನು? ಕರೆಂಟ್ ಕಂಬದಿಂದ ಅಡಿಕೆ ಮರಕ್ಕೆ, ಅಡಿಕೆ ಮರದಿಂದ ಹಲಸಿನ ಮರಕ್ಕೆ. ಪ್ರತಿ ಜುಲೈನಲ್ಲಿ ಬೀಳುತ್ತೆ.

ಹುಡುಗ: ಬೀಳುತ್ತೆ. ಬಿದ್ದ ದಿನವೇ ಏರಿಸ್ತೀನಿ. ಹೂತದ್ದು ಹೋದರೆ ಓಟಿಡಿಆರ್ ಹಾಕಿ ಎಷ್ಟು ಕಿಲೋಮೀಟರ್ ದೂರದಲ್ಲಿ ತುಂಡು ಅಂತ ನೋಡಬೇಕು, ಜಾಗ ಹುಡುಕಬೇಕು, ಅಗೆಯೋಕೆ ಅನುಮತಿ ಬೇಕು. ನನ್ನದು ಕಣ್ಣಿಗೇ ಕಾಣುತ್ತೆ. ಲಾಕ್‌ಡೌನ್‌ನಲ್ಲಿ ಮಕ್ಕಳು ಗುಡ್ಡ ಹತ್ತಿ ಪಾಠ ಕೇಳುತ್ತಿದ್ದಾಗ ಮನೆಗೆ ಲೈನ್ ಕೊಟ್ಟದ್ದು ಈ ಹಲಸಿನ ಮರವೇ ಸರ್, 165 ಸೆಂಟಿಮೀಟರ್ ಅಲ್ಲ.

(ನನಗೆ ಇಲ್ಲಿ ಹುಡುಗನ ಪಕ್ಷವೇ ಸರಿ ಅನ್ನಿಸಿತು. ಒಂದು ನಿಮಿಷ ಮಾತ್ರ.)

ಹಿರಿಯರು: ಒಪ್ಪಿದೆ. ಆದರೆ ಆ ಮರಕ್ಕೆ ಕಟ್ಟಿದ ಕೇಬಲ್ ಎಷ್ಟು ವರ್ಷದ್ದು? ಗಾಜು ಮೂವತ್ತು ವರ್ಷ ಬಾಳೋ ವಸ್ತು. ನೀನು ಅದನ್ನು ಮೂರು ವರ್ಷದ್ದು ಮಾಡಿದ್ದೀಯ. ಪ್ರತಿ ಸಲ ತುಂಡಾದಾಗ ಒಂದು ಜಾಯಿಂಟ್, ಪ್ರತಿ ಜಾಯಿಂಟಿಗೆ ಒಂದಿಷ್ಟು ನಷ್ಟ. ಕೊನೆಗೆ ಮೈನಸ್ 23. ನೀಲಿ ಪಿನ್ನೊಂದೇ ಅಲ್ಲ, ಹಲಸಿನ ಮರವೂ ಅದರಲ್ಲಿ ಇದೆ.

ಹುಡುಗ: ಸಿಡಿಲಿನ ವಿಷಯ ಹೇಳಿ ಸರ್. ಆಗ ಮೇ ತಿಂಗಳು ಬಂದರೆ ತಾಮ್ರದ ತಂತಿಯಲ್ಲಿ ಸಿಡಿಲು ಇಳಿದು ಮನೆಮನೆಯ ಮೋಡೆಮ್ ಸುಡುತ್ತಿತ್ತಲ್ಲ. ಈಗ ಗಾಜಿನಲ್ಲಿ ಅದು ಬರಲ್ಲ. ಸುಟ್ಟರೆ ಕರೆಂಟಿನ ಅಡಾಪ್ಟರ್ ದಾರಿಯಲ್ಲೇ.

ಹಿರಿಯರು: ಮಾತು ತಿರುಗಿಸಬೇಡ. ಇನ್ನೊಂದು ಕೇಳ್ತೀನಿ. ಹತ್ತು ಗಿಗಾಬಿಟ್ಟಿನ ಎಕ್ಸ್‌ಜಿಎಸ್-ಪಾನ್ 2016ರಲ್ಲೇ ಬಂದಿದೆ. ಅದು ಕೆಳಕ್ಕೆ 1577, ಮೇಲಕ್ಕೆ 1270 ಬಳಸುತ್ತೆ. ಅಂದರೆ ನಿನ್ನ ಜಿ-ಪಾನ್ ಓಡ್ತಿರೋ ಎಳೆಯಲ್ಲೇ, ಅದನ್ನು ನಿಲ್ಲಿಸದೆ, ಜೊತೆಗೆ ಕಳಿಸಬಹುದು. ಯಾರಿಗೆ ಬೇಕೋ ಅವರ ಡಬ್ಬಿ ಮಾತ್ರ ಬದಲಿಸು. ಇದು ತಾನೇ ಆದದ್ದಲ್ಲ. ಹಳಬರಿಗೆ ತೊಂದರೆ ಆಗಬಾರದು ಅಂತ ಯಾರೋ ಬಣ್ಣ ಹಂಚಿ ಬರೆದದ್ದು. ಅವರಿಗೆ ಆಗುಂಬೆ ಮಳೆ ಗೊತ್ತಿರಲಿಲ್ಲ.

ಹುಡುಗ: ಅದು ಸರಿ. ಆ ಸಾಲನ್ನು ಬರೆದವರಿಗೆ ನಾನೂ ಕೈ ಮುಗೀತೀನಿ. ಡಬ್ಬಿಯ ದುಡ್ಡು ಮಾತ್ರ ನನ್ನದು.

ಹಿರಿಯರು: ಇನ್ನು ನಿನ್ನ ಹತ್ತಿರ ಏನಿದೆ ತೋರಿಸು. ಹನ್ನೆರಡು ಎಳೆಯ ಬಣ್ಣದ ಕ್ರಮ ಗೊತ್ತಾ?

ಹುಡುಗ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ಆಕ್ವಾ. ನಿದ್ದೆಯಲ್ಲೂ ಹೇಳ್ತೀನಿ.

ಹಿರಿಯರು: ಯಾವ ಕ್ಲೋಷರಿನಲ್ಲಿ ಯಾವ ಬಣ್ಣ ಯಾವುದಕ್ಕೆ ಸೇರಿದೆ, ಯಾವ ಸ್ಪ್ಲಿಟರಿನ ಯಾವ ಕಾಲು ಯಾರ ಮನೆಗೆ ಹೋಗಿದೆ, ಬರೆದಿಟ್ಟಿದ್ದೀಯಾ?

ಹುಡುಗ: ತಲೆಯಲ್ಲಿದೆ.

ಹಿರಿಯರು: ನಮ್ಮಲ್ಲಿ ಒಂದು ಜಾಯಿಂಟ್ ಹಾಕಿದರೆ ಅದಕ್ಕೊಂದು ಹಾಳೆ. ನಾನು ಹೋದ ಮೇಲೆ ಬಂದವನು ಆ ಹಾಳೆ ನೋಡಿಯೇ ಕೆಲಸ ಮಾಡಿದ. ನೀನು ಕಂಬದಿಂದ ಬಿದ್ದು ಕಾಲು ಮುರಿದುಕೊಂಡರೆ ಇಷ್ಟೂ ಮನೆಯವರು ಯಾರನ್ನು ಕೇಳಬೇಕು?

ಹುಡುಗ: ಬರೆದಿಟ್ಟರೆ ನಾಳೆ ದೊಡ್ಡ ಕಂಪನಿಯವರು ನನ್ನ ಹುಡುಗನಿಗೆ ಎರಡು ಸಾವಿರ ಜಾಸ್ತಿ ಕೊಟ್ಟು ಹಾಳೆ ಸಮೇತ ಕರ್ಕೊಂಡು ಹೋಗ್ತಾರೆ ಸರ್. ನಿಮ್ಮ ಹಿಂದೆ ಇಲಾಖೆ ಇತ್ತು. ನನಗೆ ಇರೋದು ಆ ಲೆಕ್ಕ ಒಂದೇ. ಪೂರ್ತಿ ತಲೆಯಲ್ಲೇ ಇಲ್ಲ, ನನ್ನ ಹೆಂಡತಿ ಬಿಲ್ಲಿನ ಪುಸ್ತಕದ ಹಿಂದೆ ಬರೆದಿದ್ದಾಳೆ. ಆದರೆ ಅವಳ ಗುರುತುಗಳಲ್ಲಿ. ನೀವು ಓದಿದರೂ ತಿಳಿಯಲ್ಲ.

ಹಿರಿಯರು: ಅಂದರೆ ನೀನೂ ಬೀಗ ಹಾಕಿದ್ದೀಯ. ಡಬ್ಬಿ ಕಂಪನಿಯವರಿಗೆ ಅಷ್ಟು ಹೊತ್ತು ಬೈದೆಯಲ್ಲ.

ಹುಡುಗ: ಅವರೂ ನಾನೂ ಒಂದೇನಾ ಸರ್? ಅವರ ಬೀಗ ತೆಗೆಸೋಕೆ ಲೈಸೆನ್ಸ್ ಕೊಳ್ಳಬೇಕು. ನನ್ನದಕ್ಕೆ ಒಂದು ಫೋನ್ ಮಾಡಿದರೆ ಸಾಕು.

ಹಿರಿಯರು: ನೀನು ಎತ್ತಿದರೆ ತಾನೆ.